ಕಟ್ಟಿದ ಕೈ

ಶಿವನಂಜಮ್ಮ ಚಪ್ಪಲಿಯನ್ನು ಶಾಲೆಯ ಗೇಟಿನ ಹೊರಗೇ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಟೀಚರ್ ದಾಕ್ಷಾಯಣಮ್ಮನವರ ಮೇಜಿನ ಮುಂದೆ ಕೈ ಕಟ್ಟಿ ನಿಂತಳು. ಪಕ್ಕದಲ್ಲಿ ಮಗಳು ಚೆಲುವಿ, ಅವಳೂ ಹಾಗೇ ಕೈ ಕಟ್ಟಿದ್ದಳು.

"ನಿಮ್ಮ ಹುಡುಗಿ ಕ್ಲಾಸಲ್ಲಿ ಬಾಯೇ ಬಿಡಲ್ಲ ಕಣ್ರೀ. ಹೀಗಾದ್ರೆ ನಾಲ್ಕನೇ ಕ್ಲಾಸು ಪಾಸು ಮಾಡೋದು ಹೇಗೆ?"

"ಹೊಡೀರಿ ಅಮ್ಮಾವ್ರೇ."

"ಹೊಡೆಯೋಕೆ ನಿಮ್ಮನ್ನ ಕರೆಸಬೇಕಿತ್ತಾ? ಮನೇಲಿ ಹೇಗಿರ್ತಾಳೆ, ಅದನ್ನ ಹೇಳಿ."

ಶಿವನಂಜಮ್ಮ ನೆಲ ನೋಡಿದಳು. ಫೇಲಾದರೆ ಶಾಲೆ ಬಿಡಿಸಿ, ಮಗಳನ್ನು ದಿನವಿಡೀ ಊದುಬತ್ತಿ ಹೊಸೆಯಲು ಕೂರಿಸುವುದಾಗಿ ಗಂಡ ಕೆಂಪಯ್ಯ ಆಗಲೇ ಹೇಳಿಬಿಟ್ಟಿದ್ದ. ಅದನ್ನು ಹೇಳಿ ಕಾಲು ಹಿಡಿಯೋಣವೆಂದು ಮಂಡಿ ಮೊಹಲ್ಲಾದ ಮನೆಯಿಂದ ಇಲ್ಲಿಯವರೆಗೆ ಮಾತು ಜೋಡಿಸಿಕೊಂಡೇ ಬಂದಿದ್ದಳು. ಈಗ ನಾಲಗೆಯೇ ಏಳಲೊಲ್ಲದು. ಓದಿದವರೆದುರು ಬರೀ ಹೆತ್ತವಳು ಏನೆಂದು ಬಾಯಿ ತೆರೆಯುವುದು?

ಅಂದು ಶುಕ್ರವಾರ. ಗೋಡೆಯ ಶಾರದೆ ಪಟಕ್ಕೆ ತಂದ ಬಿಡಿ ಮಲ್ಲಿಗೆ, ಬಾಳೆನಾರು ಮೇಜಿನ ಮೇಲಿದ್ದವು. ಇವಳು ಮಾತಾಡುವ ತನಕ ಸುಮ್ಮನೆ ಕೂರುವುದೇಕೆಂದು ದಾಕ್ಷಾಯಣಮ್ಮ ಹೂ ಕಟ್ಟತೊಡಗಿದರು. ಪಾಠದಲ್ಲಿ ಪಳಗಿದ ಟೀಚರಿಗೆ ಹೂ ಮಾತ್ರ ಒಲಿದಿರಲಿಲ್ಲ. ಗಂಟು ಹಾಕಿದಷ್ಟೂ ಉದುರುತ್ತಿದ್ದವು. ನೋಡಿ ನೋಡಿ ಶಿವನಂಜಮ್ಮನಿಗೆ ತಡೆಯಲಾಗಲಿಲ್ಲ.

"ಕೊಡಿ ಇಲ್ಲಿ ಅಮ್ಮಾವ್ರೇ," ಎಂದು ನಾರನ್ನು ಕಿತ್ತುಕೊಂಡೇಬಿಟ್ಟಳು.

ಬೆರಳು ಓಡಿತು. ಅದರ ಹಿಂದೆಯೇ ಬಾಯಿಯೂ ಓಡಿತು. "ಮನೇಲಿ ಇವಳ ಬಾಯಿ ಮುಚ್ಸೋಕಾಗಕಿಲ್ಲ ಕಣ್ರಮ್ಮ. ಬತ್ತಿ ಹೊಸಿಯೋಕೆ ಕುಂತ್ರೆ ಸಾಕು, ಬೀದರಂತೆ, ಗುಲ್ಬರ್ಗವಂತೆ, ಅದೇನೇನೋ ವಟಗುಟ್ತಾಳೆ. ಸುಮ್ಕೆ ಹೊಸಿ ಅಂತ ನಾನೇ ಬಯ್ಯೋದು. ಇವಳಪ್ಪ ಬ್ಯಾರೆ, ಫೇಲಾದ್ರೆ ಸ್ಕೂಲು ಬುಡಿಸ್ಬುಡ್ತೀನಿ ಅಂತವ್ನೆ. ನೀವೇ ಕಾಪಾಡ್ಬೇಕು."

ದಾಕ್ಷಾಯಣಮ್ಮ ತಾಯಿಯ ಕೈಯನ್ನೇ ನೋಡುತ್ತಿದ್ದರು. ಆ ಕೈ ಕಟ್ಟಿದ್ದಾಗ ಇದೇ ಬಾಯಿ ಹೊಲಿದ ಹಾಗಿತ್ತು. ಆಮೇಲೆ ಮಗಳ ಕಡೆ ತಿರುಗಿದರು. "ಎಲ್ಲರೂ ಕೈ ಕಟ್ಟಿ!" ಎಂದು ಕ್ಲಾಸಿನಲ್ಲಿ ದಿನಾ ಬೆಳಿಗ್ಗೆ ಕೂಗುವವರು ಅವರೇ.

"ಬಾರೆ ಚೆಲುವಿ, ಕೈ ಬಿಚ್ಚು. ನೀನೂ ಹೂ ಕಟ್ಟು." ಅವಳು ನಾಲ್ಕು ಹೂ ಕಟ್ಟಿದ ಮೇಲೆ, ಏನೂ ಆಗದವರಂತೆ ಕೇಳಿದರು. "ನಮ್ಮ ರಾಜ್ಯದ ಜಿಲ್ಲೆಗಳು ಯಾವ್ಯಾವು?"

ಚೆಲುವಿ ತಲೆ ಎತ್ತಲಿಲ್ಲ. ಹೂ ಜೋಡಿಸಿದಳು, ನಾರು ಸುತ್ತಿದಳು. "ಬೀದರು," ಎಂದಳು. ಇನ್ನೊಂದು ಗಂಟು. "ಗುಲ್ಬರ್ಗ." ರಾಯಚೂರು, ಬಿಜಾಪುರ, ಬೆಳಗಾವಿ, ಧಾರವಾಡ. ಮೊನ್ನೆ ಮೊನ್ನೆ ಒಂದಾದ ರಾಜ್ಯ ನಕ್ಷೆಯ ಮೇಲಿನಿಂದ ಕೆಳಕ್ಕೆ, ಎಲ್ಲೂ ತಡವರಿಸದೆ ಇಳಿದು ಬಂತು. ಕಡೆಗೆ "ಮೈಸೂರು" ಎಂದು ಮಾಲೆಯ ತುದಿ ಬಿಗಿದಳು.

ನಂಜನಗೂಡಿನ ಹತ್ತಿರದ ತವರನ್ನು ಬಿಟ್ಟರೆ ಬೇರೆ ಊರು ಕಾಣದ ಶಿವನಂಜಮ್ಮನಿಗೆ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ನಾಡು ದಿನಾ ತನ್ನ ಜಗಲಿಯ ಮೇಲೇ ಹಾದುಹೋಗುತ್ತಿತ್ತು, ತಾನು ಅದನ್ನು ಗದರಿಸಿ ಸುಮ್ಮನಾಗಿಸುತ್ತಿದ್ದಳು!

"ಇಷ್ಟೂ ಊರು ನಮ್ಮವೇನಾ ಅಮ್ಮಾವ್ರೇ?"

"ಎಲ್ಲಾ ನಮ್ಮವೇ." ದಾಕ್ಷಾಯಣಮ್ಮ ಮಾಲೆಯನ್ನು ಕೈಗೆತ್ತಿಕೊಂಡರು. "ಕೈ ಕಟ್ಟಿಸಿದ್ರೆ ಬಾಯೂ ಕಟ್ಟುತ್ತೆ ಅಂತ ಇಷ್ಟು ದಿನ ನನಗೂ ಗೊತ್ತಾಗಲಿಲ್ಲವಲ್ಲ! ಆಗಾಗ ಬರ್ತಿರಿ ಶಿವನಂಜಮ್ಮ. ಬಂದಾಗ ಕೈ ಕಟ್ಟಿ ಮಾತ್ರ ನಿಲ್ಲಬೇಡಿ."

ಸಂಜೆ ಕೆಂಪಯ್ಯ ಮಂಡಿಯಲ್ಲಿ ಮೂಟೆ ಹೊರುವ ಕೆಲಸ ಮುಗಿಸಿ ಮನೆಗೆ ಬಂದಾಗ ತಾಯಿ ಮಗಳು ಜಗಲಿಯ ಮೇಲೆ ಬತ್ತಿ ಹೊಸೆಯುತ್ತಿದ್ದರು. ಚೆಲುವಿಯ ಬಾಯಿ ಒಂದೇ ಸಮನೆ ಓಡುತ್ತಿತ್ತು.

"ಏನಂತೆ ಇವಳ ಟೀಚರು?" ಎಂದು ಅವನು ಗಟ್ಟಿಯಾಗಿ ಕೇಳಿದ.

ಶಿವನಂಜಮ್ಮ ಬತ್ತಿಯ ಮಸಿ ಮೆತ್ತಿದ ಬೆರಳನ್ನು ತುಟಿಯ ಮೇಲಿಟ್ಟಳು.

"ಷ್! ಈಗಿನ್ನೂ ಧಾರವಾಡದಲ್ಲಿ ಅವ್ಳೆ. ಮೈಸೂರಿಗೆ ಬರೋಗಂಟ ಸುಮ್ಕಿರಿ."