ವಕೀಲೆ ಯಾರ ಕಡೆ?

ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಕಂಪನಿ ನಡೆಸುತ್ತಿದ್ದ ಶಿವಯೋಗಿ ಕಡಪಟ್ಟಿಯವರಿಗೆ ತಮ್ಮ ವಕೀಲೆಯ ಮೇಲೇ ಅನುಮಾನ ಶುರುವಾಗಿತ್ತು...

ಕಂಪನಿ ದಿವಾಳಿಯಾಗಿ, ಸಾಲ ಕೊಟ್ಟ ಬ್ಯಾಂಕಿನೊಂದಿಗೆ ಕೇಸು ನಡೆಯುತ್ತಿತ್ತು. ಇಂಥ ಕೇಸುಗಳಲ್ಲಿ ವಕೀಲೆ ಅನುಸೂಯಾ ಪತ್ತಾರ ಎತ್ತಿದ ಕೈ ಎಂದು ಎಲ್ಲರೂ ಹೇಳಿದ್ದರು.

ಆದರೆ ಗೆಳೆಯನೊಬ್ಬ ಕಿವಿಯಲ್ಲಿ ಊದಿದ... "ಆಕಿ ಮೊದಲು ಬ್ಯಾಂಕಿನವರ ವಕೀಲೆ ಇದ್ದಾಕಿ. ಭಾಳ ನಂಬಾಕ ಹೋಗಬ್ಯಾಡ, ಹುಷಾರ್!"

ಅಂದಿನಿಂದ ವಕೀಲೆ ಏನು ಮಾಡಿದರೂ ಶಿವಯೋಗಿಯವರಿಗೆ ಬೇರೆಯೇ ಅರ್ಥ ಕಾಣತೊಡಗಿತು.

ಕೇಸಿನ ಮಾತು ಮುಗಿದರೂ ವಕೀಲೆ ಫೋನ್ ಇಡುತ್ತಿರಲಿಲ್ಲ. "ನಿದ್ದಿ ಬಂತೇನ್ರಿ ಸರ್? ಈಗ ಎಲ್ಲಿದೀರಿ? ಜೊತಿಗೆ ಯಾರದಾರ?"

ನಾನು ಎಲ್ಲಿದ್ದರೆ ಈಕೆಗೇನು...? ಯಾರಿಗೆ ಸುದ್ದಿ ಮುಟ್ಟಿಸುತ್ತಿದ್ದಾಳೆ?

ತೀರ್ಪಿಗಾಗಿ ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಶಿವಯೋಗಿಯವರು ಮನೆಗೆ ಬಂದರೆ, ಅಡುಗೆಮನೆಯಲ್ಲಿ ಹೆಂಡತಿ ಉಮಾ ಜೊತೆ ವಕೀಲೆಯ ಪಿಸುಮಾತು!

"ಅವರನ್ನ ಒಬ್ಬರನ್ನೇ ಕಳಸಬ್ಯಾಡ್ರಿ ಅಕ್ಕಾರ... ನೀವೂ ಬರ್ರಿ."

ಶಿವಯೋಗಿಯವರಿಗೆ ಸಿಟ್ಟು ನೆತ್ತಿಗೇರಿತು.

"ನಾ ಓಡಿ ಹೋಗ್ತೀನಂತ ಕಾವಲಾ? ಬ್ಯಾಂಕಿನವರು ಹೇಳ್ಯಾರೇನು? ನೀವು ಯಾರ ಕಡೆ ಅದೀರಿ ಮೇಡಂ?"

ವಕೀಲೆ ಅಡುಗೆಮನೆಯಿಂದ ಹೊರಗೆ ಬಂದರು...

"ಹೌದ್ರಿ ಸರ್, ನಾ ಬ್ಯಾಂಕಿನ ವಕೀಲೆನ ಇದ್ದೆ. ಒಂದು ಕೇಸ್ ಗೆದ್ದ ದಿನ, ಆ ಕಂಪನಿ ಮಾಲೀಕರು ಕೋರ್ಟ್ ಹೊರಗ ಒಬ್ಬರೇ ಕುಂತಿದ್ರು. ಯಾರೂ ಹತ್ರ ಹೋಗ್ಲಿಲ್ಲ.

ಅವತ್ತು ಅವರು ಮನಿಗೂ ಹೋಗ್ಲಿಲ್ರಿ... ಇವತ್ತಿಗೂ ಪತ್ತೆ ಇಲ್ಲ. ಅವರ ಹೆಂಡತಿ ಇನ್ನೂ ಕಾಯಾಕತ್ತಾರ."

ವಕೀಲೆ ಶಿವಯೋಗಿಯವರ ಮುಖ ನೋಡಿದರು. "ಅದಕ್ಕ ಈ ಕಡೆ ಬಂದೆ. ಕಂಪನಿ ಉಳಿಸ್ತೀನಿ ಅಂತ ಮಾತು ಕೊಡಾಕ ಆಗಂಗಿಲ್ಲ ಸರ್... ಆದ್ರ ನೀವು ಮನಿಗೆ ಬರಬೇಕು."

ಶಿವಯೋಗಿಯವರ ಕೈ ಜೇಬಿನತ್ತ ಹೋಯಿತು.

ಏಕೆಂದರೆ... ತೀರ್ಪು ಬಂದ ಕೂಡಲೇ ಯಾರಿಗೂ ಮುಖ ತೋರಿಸದೆ ದೂರದ ಊರಿಗೆ ಹೋಗಿಬಿಡಲು ಅವರು ಟಿಕೆಟ್ ಮಾಡಿಸಿಯಾಗಿತ್ತು!

ಜೇಬಿನಿಂದ ಅದನ್ನು ತೆಗೆದು ಉಮಾ ಕೈಗಿಟ್ಟರು.

"ನಮ್ಮನ್ನ ಬಿಟ್ಟು ಹೊಂಟಿದ್ರ್ಯಾ...?" ಎಂದರು ಉಮಾ. ಗಂಡ ಹೆಂಡತಿ ಇಬ್ಬರೂ ಅತ್ತುಬಿಟ್ಟರು.

ತೀರ್ಪಿನ ದಿನ ಕಂಪನಿ ಕೈತಪ್ಪಿತು. ಆದರೆ ಶಿವಯೋಗಿಯವರು ಕೋರ್ಟಿನಿಂದ ಹೊರಬಂದಾಗ ಒಂದು ಪಕ್ಕ ಉಮಾ, ಇನ್ನೊಂದು ಪಕ್ಕ ವಕೀಲೆ ಇದ್ದರು...

ಇಂದು ಅವರದು ಒಂದು ಪುಟ್ಟ ಪಂಪ್ ರಿಪೇರಿ ಅಂಗಡಿ. ಸಂಜೆ ಶಟರ್ ಎಳೆದು, ಉಮಾಗೆ ಮಲ್ಲಿಗೆ ಹೂವು ಕಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ.

ಸೋತ ದಿನ ಪಕ್ಕದಲ್ಲಿ ನಿಂತವರೇ ನಮ್ಮವರು... ಮೊದಲು ಯಾವ ಕಡೆ ಇದ್ದರೂ ಸರಿ.

ನಿಮ್ಮ ಪರಿಚಯದಲ್ಲೂ ಯಾರಾದರೂ ಸೋತು ಒಬ್ಬರೇ ಕುಳಿತಿದ್ದಾರಾ...? ಇವತ್ತು ಅವರ ಪಕ್ಕ ಹೋಗಿ ಕೂರುತ್ತೀರಾ?