ನೀರೆರೆದವಳು

“ಬೈರಯ್ಯನಿಗೆ ಎಳೆಗೂಸಾಗಿದ್ದಾಗ ನೀರೆರೆದವರು ಯಾರಮ್ಮ?”

ಡಾಕ್ಟರ್ ಶಂಭುಲಿಂಗಪ್ಪನವರು ಕೇಳಿದ್ದು ಇಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಡಾಕ್ಟರು ಕೇಳದ ಪ್ರಶ್ನೆಗೂ ಸೇರಿಸಿ ಅಕ್ಕಯ್ಯಮ್ಮ ಉತ್ತರ ಕೊಟ್ಟುಬಿಟ್ಟಳು. “ನಾನೇ ಸ್ವಾಮಿ, ಹೆತ್ತವ್ವ. ಎಲ್ಲಾ ಸರಿಯಾಗೇ ಇತ್ತು.”

“ಏನು ಸರಿಯಾಗಿತ್ತು?” ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು.

ಅಕ್ಕಯ್ಯಮ್ಮ ಅತ್ತ ಮುಖ ತಿರುಗಿಸಿದಳು. ಮಗ ಬೈರಯ್ಯ ಪರದೆಯ ಹಿಂದೆ ಬಟ್ಟೆ ಹಾಕಿಕೊಳ್ಳುತ್ತಿದ್ದ. ಸೊಸೆ ಪಟಾಲಮ್ಮ ಬೆಂಚಿನ ತುದಿಯಲ್ಲಿ ಮುದುರಿ ಕೂತಿದ್ದಳು. ಮದುವೆಯಾಗಿ ಎಂಟು ವರ್ಷ. ಮನೆಯ ರಾಗಿ ಹೊಲವೆಲ್ಲ ರಾಜಾಜಿನಗರದ ಬ್ಲಾಕುಗಳಾಗಿ, ಬೈರಯ್ಯ ಮಿಲ್ಲು ಸೇರಿ, ಹೊಲವಿದ್ದ ಜಾಗದಲ್ಲಿ ಯಾರ್ಯಾರದೋ ಮಕ್ಕಳು ಆಡುವ ಹಾಗಾಯಿತು. ಈ ಮನೆಯಲ್ಲಿ ಮಾತ್ರ ತೊಟ್ಟಿಲು ಕಟ್ಟಲಿಲ್ಲ.

“ನೋಡಿ, ನಿಮ್ಮ ಸೊಸೇಲಿ ಏನೂ ಐಬಿಲ್ಲ ಅಂತ ಲೇಡಿ ಡಾಕ್ಟರು ಹೇಳಿದಾರೆ. ನಿಮ್ಮ ಮಗನ ವೀರ್ಯಾನ ನಾನೇ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದೆ. ಮಗುವಾಗೋಕೆ ಬೇಕಾದ ಜೀವಾಣು ಒಂದೂ ಇಲ್ಲ. ಗಂಡಸುತನಕ್ಕೇನೂ ಕೊರತೆಯಿಲ್ಲ, ಅದು ಬೇರೆ, ಇದು ಬೇರೆ. ಬೀಜ ಎರಡೂ ಕೆಳಗೆ ಇಳಿದಿಲ್ಲ, ಒಳಗೇ ಕೂತಿವೆ. ಆ ಕಾವಿನಲ್ಲಿ ಜೀವಾಣು ಹುಟ್ಟೋದಿಲ್ಲ.” ಡಾಕ್ಟರು ದನಿ ತಗ್ಗಿಸಿದರು. “ಮೊದಲು ಕೆಳಗಿದ್ದು ಆಮೇಲೆ ಮೇಲಕ್ಕೆ ಹೋಗಿದ್ರೆ, ಒಂದಷ್ಟು ತಿಂಗಳು ಇಂಜೆಕ್ಷನ್ ಕೊಟ್ಟು ಕಾದು ನೋಡಬಹುದು. ಹುಟ್ಟಿದಾಗಿನಿಂದ ಹೀಗೇ ಇದ್ರೆ ಮಕ್ಕಳ ಆಸೆ ಬಿಡಬೇಕು. ಕಾಯೋದೂ ಬೇಡ. ಒಳಗೇ ಬಿಟ್ಟರೆ ಮುಂದೆ ಗಡ್ಡೆಯಾಗೋ ಭಯವಿದೆ, ಬೇಗ ಆಪರೇಷನ್ ಮಾಡಬೇಕು. ಹುಟ್ಟಿದಾಗ ಹೇಗಿತ್ತು ಅಂತ ಯೋಚನೆ ಮಾಡಿ ಹೇಳಿ.”

ಯೋಚನೆ ಮಾಡಲು ಏನಿತ್ತು? ನೀಡಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ಹರಳೆಣ್ಣೆ ತಿಕ್ಕುವಾಗಲೇ ಆ ಕೈಗೆ ತಿಳಿದಿತ್ತು. “ತಾನಾಗೇ ಇಳೀತದೆ ಬಿಡವ್ವ. ಬಾಯಿ ಬಿಟ್ರೆ ನಾಳೆ ಇವನಿಗೆ ಯಾರೂ ಹೆಣ್ಣು ಕೊಡಾಕಿಲ್ಲ,” ಎಂದಿದ್ದಳು ಸೂಲಗಿತ್ತಿ. ಅಂದಿನಿಂದ ಅಕ್ಕಯ್ಯಮ್ಮ ಮಗುವಿಗೆ ನೀರೆರೆಯಲು ಸ್ವಂತ ಅತ್ತೆಯನ್ನೂ ಹತ್ತಿರ ಬಿಟ್ಟವಳಲ್ಲ. ಹುಡುಗ ತಾನೇ ಸ್ನಾನ ಮಾಡುವಷ್ಟು ದೊಡ್ಡವನಾದ ಮೇಲೆ, ಕಾಣದ್ದು ಇಳಿದೇ ಇರಬೇಕೆಂದು ನಂಬಿಕೊಂಡಳು. ಆದರೆ ದನ ಕಟ್ಟಿದ ಮನೆಯ ಹೆಂಗಸು ಎಷ್ಟು ದಿನ ತನಗೆ ತಾನೇ ಸುಳ್ಳು ಹೇಳಿಕೊಂಡಾಳು? ಒಮ್ಮೆ ಕೆಂಗೇರಿ ಸಂತೆಯಿಂದ ಬರಿಗೈಯಲ್ಲಿ ಬಂದ ಗಂಡ, “ಹೋರಿ ನೋಡಕ್ಕೆ ಚೆನ್ನಾಗಿತ್ತು, ಬೀಜ ಇಳಿದಿರ್ಲಿಲ್ಲ, ಕಟ್ಟಿ ಏನು ಪ್ರಯೋಜನ?” ಎಂದು ಊಟಕ್ಕೆ ಕೂತಿದ್ದ. ಆ ದಿನ ಅಕ್ಕಯ್ಯಮ್ಮ ತನ್ನ ಪಾಲಿನ ಮುದ್ದೆಯನ್ನು ಕಲಗಚ್ಚಿಗೆ ಹಾಕಿದಳು. ಆದರೂ ಮಗನಿಗೆ ಹೆಣ್ಣು ನೋಡುವ ಕಾಲ ಬಂದಾಗ ತಾನೇ ಮುಂದಾಗಿ ಹೋದಳು.

ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದಿದ್ದಾಗ ನೆಂಟರಿಷ್ಟರೆಲ್ಲ ಬೈರಯ್ಯನಿಗೆ ಎರಡನೇ ಮದುವೆ ಮಾಡಿ ಎಂದು ಬೆನ್ನು ಬಿದ್ದರು. ಕೊನೆಗೆ ಪಟಾಲಮ್ಮನೇ, “ನನ್ನ ತಂಗಿ ಅಣ್ಣಮ್ಮನ್ನ ತಂದ್ಕೊಳ್ಳಿ, ಅವಳ ಮಗೂನ ನಾನೇ ಸಾಕ್ತೀನಿ,” ಎಂದು ಅತ್ತಳು. ಅಕ್ಕಯ್ಯಮ್ಮ ಕಡ್ಡಿ ಮುರಿದಂತೆ ಹೇಳಿದಳು: “ಈ ಮನೆಗೆ ಇನ್ನೊಂದು ಹೆಣ್ಣು ಕಾಲಿಡಕೂಡದು.” ಇಂಥ ಅತ್ತೆ ಯಾರಿಗುಂಟು ಎಂದು ಬೀದಿಯೆಲ್ಲ ಕೊಂಡಾಡಿತು. ಸೊಸೆ ಕಾಲಿಗೆ ಬಿದ್ದಳು. ಬಿಸಿ ತುಪ್ಪದಂಥ ಆ ಒಳ್ಳೆಯ ಹೆಸರನ್ನು ಅಕ್ಕಯ್ಯಮ್ಮ ನುಂಗಲೂ ಆಗದೆ ಉಗುಳಲೂ ಆಗದೆ ಇಷ್ಟು ದಿನ ಬಾಯಲ್ಲಿಟ್ಟುಕೊಂಡು ಬಂದಿದ್ದಳು. ಸೊಸೆ ಒದ್ದೆ ಸೀರೆಯಲ್ಲಿ ಅರಳಿಕಟ್ಟೆ ಸುತ್ತುವಾಗ ಅರಿಸಿನ ಕುಂಕುಮದ ತಟ್ಟೆ ಹಿಡಿದು ನಿಂತವಳೂ ಇವಳೇ.

ಈಗ ಹುಟ್ಟಿದಾಗಿನಿಂದ ಹೀಗೇ ಅಂದರೆ ಸೊಸೆ ಹೋದಳು, ಮೊದಲು ಕೆಳಗಿತ್ತು ಅಂದರೆ ಮಗ ಹೋದ.

“ಇಳಿದಿರ್ಲಿಲ್ಲ ಸ್ವಾಮಿ,” ಎಂದಳು ಅಕ್ಕಯ್ಯಮ್ಮ. “ಒಂದು ದಿನಾನೂ ಇಳಿದಿರ್ಲಿಲ್ಲ. ನಂಗೆ ಗೊತ್ತಿತ್ತು. ನನ್ನ ಮಗನ್ನ ಉಳಿಸ್ಕೊಡಿ.”

ಪರದೆಯ ಹಿಂದಿನ ಸದ್ದು ನಿಂತುಹೋಯಿತು. “ಚಿಕ್ಕವನಿದ್ದಾಗ ತೋರಿಸಿದ್ದಿದ್ರೆ...” ಎಂದು ಶುರು ಮಾಡಿದ ಡಾಕ್ಟರು ಆಕೆಯ ಮುಖ ನೋಡಿದರು. ಎದ್ದು ಬೈರಯ್ಯನ ಬಳಿ ಹೋಗಿ ಅವನ ಜೊತೆ ಮೆಲ್ಲಗೆ ಮಾತಾಡತೊಡಗಿದರು.

ಅತ್ತೆ ಸೊಸೆ ಇಬ್ಬರೇ ಉಳಿದರು. ಸೊಸೆ ಬೈಯಲಿ, ಎದ್ದು ತವರಿಗೆ ಹೋಗುತ್ತೇನೆ ಅನ್ನಲಿ, ಏನಾದರೂ ಅನ್ನಲಿ ಎಂದು ಅಕ್ಕಯ್ಯಮ್ಮ ಕಾದಳು. ಪಟಾಲಮ್ಮ ತನ್ನ ಅಂಗೈಗಳನ್ನೇ ನೋಡುತ್ತಾ ಕೂತಿದ್ದಳು. ಅಕ್ಕಯ್ಯಮ್ಮನೇ ಬಾಯಿ ಬಿಟ್ಟಳು.

“ನಿನ್ನ ತಲೆ ಮೇಲೆ ಸವತೀನ ತಂದು ಕೂರಿಸ್ಲಿಲ್ಲ ಕಣೇ ನಾನು. ಎಲ್ಲರನ್ನೂ ಎದುರು ಹಾಕ್ಕೊಂಡೆ.”

“ಹೂಂ ಅತ್ತೆಮ್ಮ. ನನ್ನ ಮೇಲಿನ ಪ್ರೀತಿ ಅಂದ್ಕೊಂಡಿದ್ದೆ.” ಪಟಾಲಮ್ಮ ತಲೆಯೆತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ. “ಇನ್ನೊಂದು ಹೆಣ್ಣಿನ ಬಾಳು ಹಾಳಾಗೋದು ಬೇಡ ಅಂತ ನನ್ನ ತಂಗಿ ಮೇಲೆ ಕರುಣೆ ತೋರ್ಸಿದ್ರಿ. ನನ್ನನ್ನ ನೋಡಕ್ಕೆ ಬಂದಿದ್ರಲ್ಲ, ಆವತ್ತು ಆ ಕರುಣೆ ಎಲ್ಲಿತ್ತು?”