ಹೊಸ ಪರದೆ

ಸೋಮವಾರ ಕಂಪ್ಯೂಟರ್ ತೆರೆದರೆ ಪರದೆಯ ರೂಪವೇ ಬದಲಾಗಿತ್ತು. ಕಚೇರಿಯ ಪತ್ರ ವಿಭಾಗದಲ್ಲಿ ಗಲಾಟೆ ಎದ್ದಿತು.

“ಮೂಲೆಯಲ್ಲಿದ್ದ ಬಟನ್ ನಡುಮಧ್ಯೆ ಬಂದು ಕೂತಿದೆಯಲ್ರೀ!”

“ಈ ಬಣ್ಣಕ್ಕೆ ಕಣ್ಣು ಉರಿಯುತ್ತೆ. ಹಳೇದನ್ನೇ ಹಾಕಿಸಿಕೊಡಿ ಸಾರ್.”

ಕಿಟಕಿ ಪಕ್ಕದ ಮೇಜಿನಿಂದ ತಾರಾಮತಿ ಎರಡು ಸಲ “ಸಾರ್” ಎಂದು ಕರೆದಳು. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಒಂದೇ ಸಮನೆ ತಡಕಾಡುತ್ತಿದ್ದವು.

ಮಧ್ಯಾಹ್ನದ ಹೊತ್ತಿಗೆ ಮೇಲಧಿಕಾರಿ ವಾಮನಮೂರ್ತಿಗೆ ಸಾಕುಸಾಕಾಯಿತು.

“ಕಣ್ಣಿದ್ದವರೆಲ್ಲ ಬೆಳಗ್ಗೆಯಿಂದ ಗೊಣಗ್ತಾ ಇದ್ದೀರಿ. ಕಣ್ಣು ಕಾಣದ ತಾರಾಮತಿಯನ್ನ ನೋಡಿ. ಹೆಡ್‌ಫೋನ್ ಹಾಕಿಕೊಂಡು, ಕಂಪ್ಯೂಟರ್ ಓದಿ ಹೇಳೋದನ್ನ ಕೇಳ್ತಾ ತಮ್ಮ ಪಾಡಿಗೆ ಕೆಲಸ ಮಾಡ್ತಿದ್ದಾರೆ!”

ಎಲ್ಲರೂ ಅವಳತ್ತ ತಿರುಗಿದರು. ಕೊನೆಗೂ ಕೋಣೆ ನಿಶ್ಶಬ್ದವಾಯಿತು.

ತಾರಾಮತಿ ಹೆಡ್‌ಫೋನ್ ತೆಗೆದಳು. “ಸಾರ್, ಈ ಕಂಪ್ಯೂಟರ್ ಬೆಳಗ್ಗೆಯಿಂದ ಒಂದು ಮಾತೂ ಆಡಿಲ್ಲ.”